ಆಟ ಕಟ್ಟುವ ವಿದ್ಯೆಗೊಂದು ಪಠ್ಯಕ್ರಮ



ಪಿ.ಯು.ಸಿ. ಮುಗಿದ ಮೇಲೆ ಮುಂದೇನು? ಈ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ವೈದ್ಯಕೀಯ, ಇಂಜಿನಿಯರಿಂಗ್, ವಾಣಿಜ್ಯ, ಕಾನೂನು ಎಂಬ ಹಳೆಯ ಪಟ್ಟಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಹೆಸರು ಸೇರಿಕೊಂಡಿದೆ. ಅದು ಕಂಪ್ಯೂಟರ್ ಆಟ ಮತ್ತು ಸಿಮ್ಯುಲೇಷನ್‌ಗಳ ನಿರ್ಮಾಣ. "ಆಟ ಆಡಿ ಹಾಳಾಗಬೇಡ" ಎಂದು ಗದರುತ್ತಿದ್ದ ಹಿರಿಯರೇ ಈಗ "ಆ ಕೋರ್ಸ್ ಹೇಗಿದೆಯಂತೆ?" ಎಂದು ವಿಚಾರಿಸುವುದುಂಟು.

ವಿಚಾರಿಸುವುದು ಒಳ್ಳೆಯದೇ. ಏಕೆಂದರೆ ಈ ಹೆಸರಿನಡಿ ಆರು ತಿಂಗಳ ತರಬೇತಿಯೂ ಇದೆ, ನಾಲ್ಕು ವರ್ಷದ ಪದವಿಯೂ ಇದೆ. ಒಂದು ಕಡೆ ಯಾವ ಗುಂಡಿ ಒತ್ತಿದರೆ ಪರದೆಯ ಮೇಲೆ ಏನಾಗುತ್ತದೆ ಎಂಬುದನ್ನಷ್ಟೇ ಕಲಿಸುತ್ತಾರೆ. ಇನ್ನೊಂದು ಕಡೆ ಗಣಿತ, ಭೌತಶಾಸ್ತ್ರ, ಚಿತ್ರಕಲೆ, ಮನಃಶಾಸ್ತ್ರಗಳನ್ನು ಕೂಡಿಸಿ ಕಲಿಸುತ್ತಾರೆ. ಜಾಹೀರಾತಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆರಿಸುವವರು ಹದಿನೇಳು ವರ್ಷದ ನೀವು. ಹಣ ತೆರುವವರು ನಿಮ್ಮ ತಂದೆತಾಯಿ. ಆಯ್ಕೆ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ, ಮರಳಿ ಬಾರದ ಕೆಲವು ವರ್ಷಗಳೂ ಹೋಗುತ್ತವೆ.

ಆದ್ದರಿಂದ ಇಂಥ ಪದವಿಯ ಪಠ್ಯಕ್ರಮ ಹೇಗಿರಬೇಕು ಎಂಬುದನ್ನು ಇಲ್ಲಿ ನಿಮ್ಮೊಡನೆ ಕೂಡಿ ರಚಿಸಿ ನೋಡೋಣ. ಪ್ರಯೋಗಶಾಲೆಯಾಗಿ ಕೊಡಗಿನ ಮಾಕುಟ್ಟವನ್ನು ಆರಿಸಿಕೊಂಡಿದ್ದೇನೆ. ವಿರಾಜಪೇಟೆಯಿಂದ ಪೆರುಂಬಾಡಿಯ ಮೂಲಕ ಕೇರಳದ ಇರಿಟ್ಟಿಗೆ ಇಳಿಯುವ ಘಟ್ಟದ ರಸ್ತೆಯಲ್ಲಿ, ನಿತ್ಯಹರಿದ್ವರ್ಣದ ಕಾಡಿನ ನಡುವೆ, ನಮ್ಮ ರಾಜ್ಯದ ಗಡಿಯಲ್ಲಿ ಇರುವ ಊರು ಇದು. ಇಲ್ಲೊಂದು ತಪಾಸಣಾ ಠಾಣೆ ಇದೆ. ಕೂಟುಪುಳ ಸೇತುವೆ ದಾಟಿದರೆ ಕೇರಳ. ಇಲ್ಲಿ ಆಟಗಳ ಕಾಲೇಜು ಇಲ್ಲ. ಆದರೆ ಆಟ ಕಟ್ಟುವವರು ಮೊದಲು ಕಲಿಯಬೇಕಾದ ಪಾಠ ಈ ರಸ್ತೆಯ ಮೇಲೆಯೇ ಇದೆ.

ಸಿಮ್ಯುಲೇಷನ್ ಎಂದರೇನು?

ನಿಜವಾದ ವಸ್ತುವಿನ ಅಥವಾ ಘಟನೆಯ ನಡವಳಿಕೆಯನ್ನು ನಿಯಮಗಳ ಮೂಲಕ ಅನುಕರಿಸುವುದೇ ಸಿಮ್ಯುಲೇಷನ್. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ವಿಮಾನ ನಡೆಸಲು ಕಲಿಸುವ ಯಂತ್ರವೊಂದನ್ನು ತಯಾರಿಸಿದ. ಆತನ ಮನೆತನದ ಉದ್ಯೋಗ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ತಯಾರಿಕೆ. ವಾದ್ಯಕ್ಕೆ ಗಾಳಿ ಊದುವ ತಿದಿಗಳನ್ನೇ ಬಳಸಿ, ನೆಲದ ಮೇಲಿನ ಪುಟ್ಟ ವಿಮಾನವನ್ನು ವಾಲಿಸಿದ, ತಿರುಗಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಕ್ಷಾಂತರ ಚಾಲಕರು ಇಂಥ ಯಂತ್ರದಲ್ಲಿ ಕುಳಿತು ಕಲಿತರು. ತಪ್ಪಿದರೆ ಪ್ರಾಣ ಹೋಗುವ ವಿದ್ಯೆಯನ್ನು ಪ್ರಾಣಭಯವಿಲ್ಲದೆ ಕಲಿಸುವುದೇ ಇದರ ಗುಟ್ಟು.

ನಮ್ಮಲ್ಲೇ ಉದಾಹರಣೆಗಳಿವೆ. ತೇಜಸ್ ಯುದ್ಧವಿಮಾನ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ಅದಕ್ಕೆ ಮುನ್ನವೇ ಪರೀಕ್ಷಾ ಚಾಲಕರು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕುಳಿತು ಅದನ್ನು ಹಲವು ಬಾರಿ "ಹಾರಿಸಿದ್ದರು".

ಆಟ ಮತ್ತು ಸಿಮ್ಯುಲೇಷನ್ ಒಡಹುಟ್ಟುಗಳು. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಆಡುವ ಇಸ್ಪೀಟಿನ ಆಟದಲ್ಲಿ ಕಾಲ ಕಳೆಯುತ್ತಿದ್ದರು. ಈ ಆಟ ಗೆಲ್ಲುವ ಸಂಭವ ಎಷ್ಟು ಎಂಬ ಪ್ರಶ್ನೆ ಅವರಿಗೆ ಬಂತು. ಲೆಕ್ಕ ಮಾಡಹೋದರೆ ಬಲು ತೊಡಕು. ಅದರ ಬದಲು ನೂರು ಸಲ ಆಡಿ ಎಷ್ಟು ಸಲ ಗೆದ್ದೆವು ಎಂದು ಎಣಿಸಿದರೆ ಸಾಕಲ್ಲ! ಈ ಯೋಚನೆಯಿಂದ ಹುಟ್ಟಿದ್ದೇ ಮಾಂಟೆ ಕಾರ್ಲೊ ವಿಧಾನ. ಇಂದು ಅಣುವಿಜ್ಞಾನದಿಂದ ಷೇರುಪೇಟೆಯವರೆಗೆ ಇದರ ಬಳಕೆ ಇದೆ.

ದಾಳ, ಕಾಫಿ ಬೀಜ, ತಪಾಸಣಾ ಠಾಣೆ

ಈಗ ನೀವೇ ಒಂದು ಸಿಮ್ಯುಲೇಷನ್ ಮಾಡಿ. ಕಂಪ್ಯೂಟರ್ ಬೇಡ. ಒಂದು ದಾಳ, ಒಂದು ಹಿಡಿ ಕಾಫಿ ಬೀಜ, ಒಂದು ಹಾಳೆ ಸಾಕು. ಕೆಳಗಿನ ಅಂಕಿಗಳು ಅಭ್ಯಾಸಕ್ಕಾಗಿ ನಾನು ಊಹಿಸಿಕೊಂಡವು. ಠಾಣೆಯ ನಿಜವಾದ ಅಂಕಿಗಳಲ್ಲ.

ಒಂದು ಸುತ್ತು ಎಂದರೆ ಒಂದು ನಿಮಿಷ ಎಂದುಕೊಳ್ಳಿ. ಪ್ರತಿ ಸುತ್ತಿನಲ್ಲೂ ದಾಳ ಉರುಳಿಸಿ. 1 ಅಥವಾ 2 ಬಿದ್ದರೆ ಠಾಣೆಗೆ ಒಂದು ವಾಹನ ಬಂತು ಎಂದು ಒಂದು ಬೀಜವನ್ನು ಸಾಲಿನಲ್ಲಿಡಿ. ಬೇರೆ ಸಂಖ್ಯೆ ಬಿದ್ದರೆ ಯಾವ ವಾಹನವೂ ಬಂದಿಲ್ಲ. ಅಂದರೆ ಸರಾಸರಿ ಮೂರು ನಿಮಿಷಕ್ಕೆ ಒಂದು ವಾಹನ. ಒಂದು ವಾಹನದ ತಪಾಸಣೆಗೆ ಎರಡು ನಿಮಿಷ ಹಿಡಿಯುತ್ತದೆ. ತಪಾಸಣೆ ಮುಗಿದ ಬೀಜವನ್ನು ತೆಗೆದುಹಾಕಿ. ಹೀಗೆ ಅರವತ್ತು ಸುತ್ತು ಆಡಿ, ಪ್ರತಿ ಸುತ್ತಿನ ಕೊನೆಗೆ ಸಾಲಿನಲ್ಲಿ ಎಷ್ಟು ಬೀಜಗಳಿವೆ ಎಂದು ಬರೆದುಕೊಳ್ಳಿ. ಸಾಲು ಆಗಾಗ ಬೆಳೆದರೂ ಮತ್ತೆ ಕರಗುವುದನ್ನು ಕಾಣುವಿರಿ.

ಈಗ ಒಂದೇ ಒಂದು ಬದಲಾವಣೆ ಮಾಡಿ. ತಪಾಸಣೆಗೆ ಎರಡರ ಬದಲು ಮೂರು ನಿಮಿಷ ಕೊಡಿ. ಮೂರು ನಿಮಿಷಕ್ಕೊಂದು ವಾಹನ ಬರುತ್ತದೆ, ಮೂರು ನಿಮಿಷಕ್ಕೊಂದು ಹೊರಡುತ್ತದೆ. ಲೆಕ್ಕ ಸರಿಹೋಯಿತಲ್ಲ ಎನಿಸುತ್ತದೆ. ಆದರೆ ಆಟ ಮುಂದುವರಿದಂತೆ ಸಾಲು ಕರಗುವುದು ಅಪರೂಪವಾಗುತ್ತದೆ. ಬಹಳ ಹೊತ್ತು ಆಡಿದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಏಕೆ? ವಾಹನವೇ ಬಾರದೆ ಠಾಣೆ ಖಾಲಿ ಕುಳಿತ ನಿಮಿಷಗಳನ್ನು ಮುಂದಿನ ಬಳಕೆಗೆ ಕೂಡಿಡಲು ಬಾರದು. ನಾಲ್ಕು ವಾಹನ ಒಟ್ಟಿಗೆ ಬಂದಾಗ ಆ ಕಳೆದ ನಿಮಿಷಗಳು ನೆರವಿಗೆ ಬರುವುದಿಲ್ಲ. ಸರಾಸರಿ ಲೆಕ್ಕ ಹೇಳದ ಈ ಸತ್ಯವನ್ನು ಒಂದು ಹಿಡಿ ಬೀಜ ತೋರಿಸಿಕೊಡುತ್ತದೆ.

ಡೆನ್ಮಾರ್ಕಿನ ಎ.ಕೆ. ಅರ್ಲಾಂಗ್ ಎಂಬಾತ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಕರೆಗಳಿಗಾಗಿ 1909ರಲ್ಲಿ ಪ್ರಕಟಿಸಿದ ಗಣಿತವೇ ಈ ಸರದಿ ಸಿದ್ಧಾಂತದ ಬುನಾದಿ. ಬ್ಯಾಂಕಿನ ಕೌಂಟರಿಗೂ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಇದೇ ಗಣಿತ ಅನ್ವಯಿಸುತ್ತದೆ. ಒಮ್ಮೆ ಆಡಿದರೆ ಸಿಗುವ ಉತ್ತರ ಅದೃಷ್ಟದ್ದು; ಸಾವಿರ ಸಲ ಆಡಿದರೆ ಸಿಗುವ ಉತ್ತರ ನಂಬಬಹುದಾದದ್ದು. ಸಾವಿರ ಸಲ ದಾಳ ಉರುಳಿಸಲು ನಮಗೆ ತಾಳ್ಮೆ ಸಾಲದು. ಆ ಕೆಲಸಕ್ಕೆ ಕಂಪ್ಯೂಟರ್ ಬೇಕು.

ಅದು ಆಟವಾಗುವುದು ಯಾವಾಗ?

ಇಲ್ಲಿಯವರೆಗೆ ನೀವು ನೋಡುಗರು. ಇನ್ನು ಠಾಣೆಯ ಅಧಿಕಾರಿಯ ಜಾಗದಲ್ಲಿ ಕುಳಿತುಕೊಳ್ಳಿ. ಎಚ್ಚರದಿಂದ ತಪಾಸಿಸಿದರೆ ಅಕ್ರಮ ಸಾಗಣೆ ಸಿಕ್ಕಿಬೀಳುತ್ತದೆ, ಆದರೆ ಸಾಲು ಬೆಳೆಯುತ್ತದೆ. ಬೇಗ ಬಿಟ್ಟರೆ ಸಾಲು ಕರಗುತ್ತದೆ, ಆದರೆ ಮರದ ಲಾರಿ ನುಸುಳಬಹುದು. ಎರಡನೆಯ ಬಾಗಿಲು ತೆರೆಯಲು ಸಿಬ್ಬಂದಿ ಬೇಕು. ಪ್ರತಿ ನಿಮಿಷಕ್ಕೂ ನೀವೊಂದು ತೀರ್ಮಾನ ಕೈಗೊಳ್ಳಬೇಕು. ಮಾದರಿಗೆ ಗುರಿ, ಆಯ್ಕೆ, ಆಯ್ಕೆಗೆ ತೆರಬೇಕಾದ ಬೆಲೆ ಸೇರಿದೊಡನೆ ಅದು ಆಟವಾಗುತ್ತದೆ. 1989ರಲ್ಲಿ ವಿಲ್ ರೈಟ್ ಹೊರತಂದ ಸಿಮ್‌ಸಿಟಿ ಇಂಥದೇ ಆಟ. ಅಲ್ಲಿ ಆಟಗಾರನೇ ನಗರವನ್ನು ಕಟ್ಟುತ್ತಾನೆ, ತೆರಿಗೆ ಹಾಕುತ್ತಾನೆ, ಫಲ ಉಣ್ಣುತ್ತಾನೆ.

ಬಣ್ಣ, ಸಂಗೀತ, ಮೂರು ಆಯಾಮದ ಚಿತ್ರಗಳು ಆಮೇಲೆ ಬರುತ್ತವೆ. ನಮ್ಮ ಹುಲಿ-ಕುರಿ ಆಟವನ್ನೇ ನೋಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸಾಮಾನ್ಯವಾಗಿ ಮೂರು ಹುಲಿ ಮತ್ತು ಹದಿನೈದು ಕುರಿಗಳಿಂದ ಆಡುತ್ತಾರೆ. ಎರಡು ಪಕ್ಷಗಳ ಬಲ ಒಂದೇ ತೆರನಲ್ಲ. ಹುಲಿ ಹಾರಿ ತಿನ್ನಬಲ್ಲದು. ಕುರಿಗಳು ಕೂಡಿ ಹುಲಿಯನ್ನು ಕಟ್ಟಿಹಾಕಬಲ್ಲವು. ಕುರಿಗಳನ್ನು ಹತ್ತಕ್ಕೆ ಇಳಿಸಿ ಆಡಿ ನೋಡಿ. ಆಟದ ಸ್ವಾರಸ್ಯ ಎಲ್ಲಿ ಹೋಯಿತು? ಒಂದು ಸಂಖ್ಯೆ ಬದಲಾದರೆ ಆಟವೇ ಬದಲಾಗುತ್ತದೆ. ಇದನ್ನು ಸಮತೋಲನ ಎನ್ನುತ್ತಾರೆ. ಕೋಟಿಗಟ್ಟಲೆ ವೆಚ್ಚದ ಆಟಗಳ ವಿನ್ಯಾಸಕರೂ ದಿನವಿಡೀ ತಲೆ ಕೆಡಿಸಿಕೊಳ್ಳುವುದು ಇದಕ್ಕಾಗಿಯೇ.

ಬಿಟ್ಟುಹೋದದ್ದು ಏನು?

ಮಾದರಿ ಕಟ್ಟುವಾಗ ಎಲ್ಲವನ್ನೂ ಸೇರಿಸಲಾಗದು. ಕೆಲವನ್ನು ಬಿಡಲೇಬೇಕು. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ವಿವೇಕವೇ ಈ ವಿದ್ಯೆಯ ತಿರುಳು. ನನ್ನ ಮಟ್ಟಿಗೆ ಇಡೀ ಪಠ್ಯಕ್ರಮ ನಿಲ್ಲಬೇಕಾದದ್ದು ಇದರ ಮೇಲೆ.

ನಮ್ಮ ಠಾಣೆಯ ಮಾದರಿಗೆ ಮರಳೋಣ. ಅಲ್ಲಿ ಪ್ರತಿ ವಾಹನವೂ ಒಂದು ಬೀಜ. ಎಲ್ಲ ಬೀಜಗಳೂ ಸಮಾನ. 2020ರ ಮಾರ್ಚ್‌ನಲ್ಲಿ ಕೊರೊನಾ ಹರಡುವುದನ್ನು ತಡೆಯಲು ಕರ್ನಾಟಕವು ಕೇರಳದ ಕಡೆಯ ಗಡಿರಸ್ತೆಗಳನ್ನು ಮುಚ್ಚಿತು. ಮಾಕುಟ್ಟದ ರಸ್ತೆಗೂ ಮಣ್ಣು ಸುರಿದು ಅಡ್ಡಗಟ್ಟಲಾಯಿತು. ಸೋಂಕು ಹರಡುವ ಮಾದರಿಯಲ್ಲಿ ಸಂಚಾರ ನಿಂತರೆ ಸೋಂಕೂ ಇಳಿಯುತ್ತದೆ, ಲೆಕ್ಕ ಅಷ್ಟೇ. ಆದರೆ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲಿ ಸಿಲುಕಿದರು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಯಾರು ಸರಿ ಯಾರು ತಪ್ಪು ಎಂಬುದು ಇಲ್ಲಿನ ಚರ್ಚೆಯಲ್ಲ. ವಾಹನಗಳನ್ನು ಮಾತ್ರ ಎಣಿಸುವ ಮಾದರಿಗೆ ವಾಹನದೊಳಗೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಬೀಜಗಳಲ್ಲಿ ಒಂದಕ್ಕೆ ಕೆಂಪು ಬಣ್ಣ ಬಳಿದು ಅದನ್ನು ಆಂಬುಲೆನ್ಸ್ ಎಂದು ಕರೆಯಿರಿ. ಆಟದ ನಿಯಮಗಳನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ.

ಆದ್ದರಿಂದ ಮಾದರಿ ಕಟ್ಟಿದವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮಾದರಿಯನ್ನು ಸರಿಯಾಗಿ ಕಟ್ಟಿದ್ದೇವೆಯೇ? ಸರಿಯಾದ ಮಾದರಿಯನ್ನೇ ಕಟ್ಟಿದ್ದೇವೆಯೇ? ಮೊದಲನೆಯದಕ್ಕೆ ಕಂಪ್ಯೂಟರ್ ಜ್ಞಾನ ಸಾಕು. ಎರಡನೆಯದಕ್ಕೆ ಲೋಕಜ್ಞಾನ ಬೇಕು.

ನಾಲ್ಕು ವರ್ಷಗಳ ಹಂದರ

ಇನ್ನು ಪಠ್ಯಕ್ರಮಕ್ಕೆ ಬರೋಣ. ಆಟಗಳ ನಿರ್ಮಾಣವನ್ನು ಪದವಿಯ ಮಟ್ಟದಲ್ಲಿ ಕಲಿಸುವುದು ತೀರ ಹೊಸತೇನಲ್ಲ. ಸ್ಕಾಟ್‌ಲೆಂಡಿನ ಅಬರ್ಟೇ ವಿಶ್ವವಿದ್ಯಾನಿಲಯ 1997ರಲ್ಲಿ ಕಂಪ್ಯೂಟರ್ ಆಟಗಳ ಪದವಿಯನ್ನು ಆರಂಭಿಸಿತು. ಅಮೆರಿಕದ ಡಿಜಿಪೆನ್ ಸಂಸ್ಥೆ 1998ರಲ್ಲಿ ಆರಂಭಿಸಿದ ಪದವಿಯ ಹೆಸರಿನಲ್ಲೇ ಸಿಮ್ಯುಲೇಷನ್ ಎಂಬ ಪದವಿತ್ತು. ಆಟ ನಿರ್ಮಾಪಕರ ಅಂತಾರಾಷ್ಟ್ರೀಯ ಸಂಘವು ಕಾಲೇಜುಗಳ ನೆರವಿಗಾಗಿ ಒಂದು ಪಠ್ಯಕ್ರಮ ಚೌಕಟ್ಟನ್ನೇ ಸಿದ್ಧಪಡಿಸಿದೆ. ನಮ್ಮಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕೇಂದ್ರ ಡಿಜಿಟಲ್ ಆಟಗಳ ವಿನ್ಯಾಸದಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತ ಬಂದಿದೆ. ಆನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲಿ ಒಂದು ನೀತಿಯನ್ನೂ 2024ರಲ್ಲಿ ಪರಿಷ್ಕೃತ ನೀತಿಯನ್ನೂ ಪ್ರಕಟಿಸಿದೆ.

ಇವುಗಳ ಹಿನ್ನೆಲೆಯಲ್ಲಿ ನಮ್ಮ ಹಂದರ ಹೀಗಿರಬಹುದು.

ಮೊದಲ ವರ್ಷ: ನೋಡುವುದು, ಆಡುವುದು, ನಿಯಮ ಬರೆಯುವುದು. ಹುಲಿ-ಕುರಿ, ಚೌಕಾಬಾರ, ಅಳಗುಳಿಮಣೆಗಳನ್ನು ಆಡಿ, ಅವುಗಳ ನಿಯಮಗಳನ್ನು ಅಪರಿಚಿತನಿಗೂ ತಿಳಿಯುವಂತೆ ಬರೆಯಬೇಕು. ಬರೆದು ನೋಡಿ, ಎಷ್ಟು ಕಷ್ಟವೆಂದು ತಿಳಿಯುತ್ತದೆ. ಜೊತೆಗೆ ಸಂಭವನೀಯತೆ, ಸದಿಶಗಳು, ಕಂಪ್ಯೂಟರ್ ಭಾಷೆಯೊಂದರ ಆರಂಭದ ಪಾಠಗಳು, ಪೆನ್ಸಿಲ್‌ನಿಂದ ಚಿತ್ರ ಬರೆಯುವ ಅಭ್ಯಾಸ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲಿ ಒಂದೊಂದಕ್ಕೂ ಒಮ್ಮೆ ಮಾತ್ರ ನಡೆಸುವ ಸಮಸ್ಯೆಯನ್ನು ಬಿಡಿಸಿದ್ದರು. ಅದನ್ನೇ ಕಂಪ್ಯೂಟರಿನಿಂದ ಬಿಡಿಸಲು ಹೇಳಿದರೆ ಕ್ರಮವಿಧಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ಎರಡನೆಯ ವರ್ಷ: ಪ್ರಕೃತಿಯ ನಿಯಮಗಳು. ಚಲನೆ, ಘರ್ಷಣೆ, ಬೆಳಕು, ಶಬ್ದ. ಇಲ್ಲಿ ಮಾಕುಟ್ಟದ ಘಟ್ಟವೇ ಪಾಠ. 2018ರ ಮಳೆಗಾಲದಲ್ಲಿ ಈ ರಸ್ತೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತುಹೋಗಿತ್ತು. ಇಳಿಜಾರಿನ ಮಣ್ಣನ್ನು ಕೆಳಕ್ಕೆ ಎಳೆಯುವುದು ಗುರುತ್ವ. ಅದನ್ನು ಹಿಡಿದಿಡುವುದು ಕಣಗಳ ನಡುವಿನ ಘರ್ಷಣೆ, ಮಣ್ಣಿನ ಅಂಟು ಮತ್ತು ಮರದ ಬೇರು. ನೀರು ಇಂಗಿದಂತೆ ಮಣ್ಣಿನ ತೂಕ ಹೆಚ್ಚುತ್ತದೆ. ಕಣಗಳ ನಡುವೆ ಸೇರಿದ ನೀರಿನ ಒತ್ತಡ ಘರ್ಷಣೆಯನ್ನು ತಗ್ಗಿಸುತ್ತದೆ. ಹಿಡಿದಿಡುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆ 1ಕ್ಕಿಂತ ಕೆಳಗಿಳಿದಾಗ ಗುಡ್ಡ ಜಾರುತ್ತದೆ. ರಸ್ತೆಗಾಗಿ ಗುಡ್ಡದ ಬುಡ ಕಡಿದರೆ ಈ ಸಂಖ್ಯೆ ಏನಾಗುತ್ತದೆ? ಮರ ಕಡಿದರೆ? ವಿದ್ಯಾರ್ಥಿ ಇದನ್ನು ಪರದೆಯ ಮೇಲೆ ಬದಲಿಸಿ ಬದಲಿಸಿ ನೋಡಬೇಕು. ಮಣ್ಣಿನ, ಕಾಡಿನ ವಿಚಾರ ಕೇಳಲು ದೂರ ಹೋಗಬೇಕಿಲ್ಲ; ಪೊನ್ನಂಪೇಟೆಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ. ಒಂದು ಎಚ್ಚರಿಕೆಯನ್ನೂ ಪಾಠದಲ್ಲೇ ಸೇರಿಸಬೇಕು. ವಿದ್ಯಾರ್ಥಿಯ ಮಾದರಿ ಕಲಿಕೆಗಾಗಿ ಇರುವಂಥದು. ಅದನ್ನು ತೋರಿಸಿ ಊರಿನವರಿಗೆ ಅಭಯವನ್ನಾಗಲಿ ಭಯವನ್ನಾಗಲಿ ಕೊಡಬಾರದು.

ಮೂರನೆಯ ವರ್ಷ: ಜನ. ಆಟಗಾರ ಎಲ್ಲಿ ಬೇಸರಪಡುತ್ತಾನೆ, ಎಲ್ಲಿ ದಾರಿ ತಪ್ಪುತ್ತಾನೆ ಎಂಬುದನ್ನು ಪಕ್ಕದಲ್ಲಿ ಮೌನವಾಗಿ ಕುಳಿತು ಬರೆದುಕೊಳ್ಳುವ ಅಭ್ಯಾಸ ಬೇಕು. ದೃಷ್ಟಿದೋಷವುಳ್ಳವರು, ಬಣ್ಣ ಗುರುತಿಸಲಾರದವರು ಆಡಬಲ್ಲರೇ ಎಂದು ಪರೀಕ್ಷಿಸಬೇಕು. ಆಟ ಬಿಡಲಾಗದಂತೆ ಮಕ್ಕಳನ್ನು ಕಟ್ಟಿಹಾಕುವ ತಂತ್ರಗಳು ಯಾವುವು, ಅವನ್ನು ಬಳಸುವುದು ಸರಿಯೇ ಎಂದು ಚರ್ಚಿಸಬೇಕು. ಭಾಷೆಯ ಪ್ರಶ್ನೆಯೂ ಇಲ್ಲಿದೆ. ಆಟ ಕಟ್ಟುವ ಕೆಲವು ತಂತ್ರಾಂಶಗಳಲ್ಲಿ ಕನ್ನಡದ ಒತ್ತಕ್ಷರಗಳು ಇಂದಿಗೂ ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಕನ್ನಡದ ಹುಡುಗರು ಇದನ್ನು ಸರಿಪಡಿಸದಿದ್ದರೆ ಬೇರೆ ಯಾರು ಸರಿಪಡಿಸಿಯಾರು?

ನಾಲ್ಕನೆಯ ವರ್ಷ: ತಂಡ. ದೂರದರ್ಶನದ ಒಂದು ಅರ್ಧ ಗಂಟೆಯ ಕಾರ್ಯಕ್ರಮದ ಹಿಂದೆ ಕ್ಯಾಮೆರಾ, ಬೆಳಕು, ಧ್ವನಿ, ಸಂಕಲನ ಎಂದು ಎಷ್ಟೋ ಕೈಗಳಿರುತ್ತವೆ. ಬೆಳಕಿನವರಿಗೆ ಧ್ವನಿಯವರ ಕಷ್ಟ ತಿಳಿಯದಿದ್ದರೆ ಚಿತ್ರೀಕರಣ ಸಾಗುವುದಿಲ್ಲ. ಆಟವೂ ಹಾಗೆಯೇ. ಕ್ರಮವಿಧಿ ಬರೆಯುವವರು, ಚಿತ್ರ ಬರೆಯುವವರು, ಕಥೆ ಹೆಣೆಯುವವರು, ಧ್ವನಿ ಕೂಡಿಸುವವರು ಸೇರಿ ವರ್ಷವಿಡೀ ಒಂದೇ ಕೆಲಸ ಮಾಡಿ ಮುಗಿಸಬೇಕು. ಆ ಕೆಲಸ ಕಾಲೇಜಿನ ಹೊರಗಿನ ಯಾರಿಗಾದರೂ ಉಪಯೋಗಕ್ಕೆ ಬರುವಂತಿರಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಲಾರಿ ಇಳಿಸುವುದನ್ನು ಕಲಿಸುವ ಆಟ ಒಂದು ಉದಾಹರಣೆ. ಅದನ್ನು ತಾಳೆ ನೋಡುವವರು ಅಧ್ಯಾಪಕರಲ್ಲ, ಆ ರಸ್ತೆಯಲ್ಲಿ ದಿನವೂ ಲಾರಿ ಓಡಿಸುವ ಚಾಲಕರು.

ಉಪಕರಣ ಹಳತಾಗುತ್ತದೆ

ಈ ಹಂದರದಲ್ಲಿ ಯಾವ ತಂತ್ರಾಂಶದ ಹೆಸರನ್ನೂ ನಾನು ಹೇಳಲಿಲ್ಲ. ಅದಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಆನಿಮೇಷನ್ ಮತ್ತು ಸಣ್ಣ ಆಟಗಳ ತರಬೇತಿ ಎಂದರೆ ಫ್ಲ್ಯಾಶ್ ಎಂಬ ತಂತ್ರಾಂಶದ ತರಬೇತಿಯೇ ಆಗಿತ್ತು. ಅಂಥ ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31ಕ್ಕೆ ಕೊನೆ ಹಾಡಲಾಯಿತು. ಫ್ಲ್ಯಾಶ್ ಮಾತ್ರ ಕಲಿತವರ ವಿದ್ಯೆಯೂ ಅದರೊಂದಿಗೆ ಹಳತಾಯಿತು. ಚಲನೆಯ ಲಯ ಕಲಿತವರು, ಗಣಿತ ಕಲಿತವರು ಮುಂದಿನ ತಂತ್ರಾಂಶಕ್ಕೆ ಸುಲಭವಾಗಿ ದಾಟಿಕೊಂಡರು. ತಂತ್ರಾಂಶ ಬೇಡವೆಂದಲ್ಲ. ಬಡಗಿಗೆ ಉಳಿ ಬೇಕು; ಆದರೆ ಉಳಿಯನ್ನು ಬಲ್ಲವನೆಲ್ಲ ಬಡಗಿಯಲ್ಲ.

ಉದ್ಯೋಗದ ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ನಮ್ಮ ದೇಶದ ಮೊದಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲಿ ಒಂದು. ವಿದೇಶಿ ಕಂಪನಿಗಳ ದೊಡ್ಡ ಆಟಗಳಿಗೆ ಚಿತ್ರಭಾಗಗಳನ್ನು ಮಾಡಿಕೊಟ್ಟು ಅದು ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಎಂಬ ಜಗತ್ಪ್ರಸಿದ್ಧ ಕಂಪನಿ ಅದನ್ನು ಕೊಂಡುಕೊಂಡಿತು. ಇಲ್ಲಿ ಪ್ರತಿಭೆಗೆ ಬೆಲೆಯಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಆಟಗಳ ಉದ್ಯಮದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು ಎಂಬುದೂ ಅಷ್ಟೇ ನಿಜ. ಮಾದರಿ ಕಟ್ಟುವ ವಿದ್ಯೆ ಗಟ್ಟಿಯಾಗಿದ್ದವರಿಗೆ ವಿಮಾನಯಾನ, ವೈದ್ಯಕೀಯ ತರಬೇತಿ, ಸಂಚಾರ ಯೋಜನೆ, ವಿಕೋಪ ನಿರ್ವಹಣೆಯಂಥ ಬೇರೆ ಬಾಗಿಲುಗಳೂ ಉಂಟು. ಆಟದ ಜೊತೆಗೆ ಸಿಮ್ಯುಲೇಷನ್ ಕಲಿಯಬೇಕು ಎನ್ನುವುದು ಇದಕ್ಕಾಗಿಯೇ.

ಪ್ರವೇಶಕ್ಕೆ ಮುನ್ನ ಕೇಳಬೇಕಾದವು

ಕಾಲೇಜಿನ ಕಚೇರಿಗೆ ಹೋದಾಗ ಸಂಕೋಚಪಡದೆ ಈ ಪ್ರಶ್ನೆಗಳನ್ನು ಕೇಳಿ.

1. ಪದವಿ ಕೊಡುವವರು ಯಾರು? ಆ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇದೆಯೇ?

2. ಗಣಿತ ಮತ್ತು ಭೌತಶಾಸ್ತ್ರ ಎಷ್ಟು ಸೆಮಿಸ್ಟರ್ ಇವೆ? "ಇಲ್ಲಿ ಗಣಿತವೇ ಬೇಡ" ಎಂಬ ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಿ.

3. ಒಂದು ತಂತ್ರಾಂಶ ನಾಳೆ ನಿಂತುಹೋದರೆ ಪಠ್ಯಕ್ರಮದಲ್ಲಿ ಉಳಿಯುವುದೇನು?

4. ಕಳೆದ ವರ್ಷದ ವಿದ್ಯಾರ್ಥಿಗಳು ಕಟ್ಟಿದ ಆಟಗಳನ್ನು ಆಡಿ ನೋಡಬಹುದೇ? ಭಾವಚಿತ್ರ ಸಾಲದು, ಆಡಲು ಸಿಗಬೇಕು.

5. ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಒಂದೇ ತಂಡದಲ್ಲಿ ಕೆಲಸ ಮಾಡುತ್ತಾರೆಯೇ?

ಇಂಥ ಪದವಿಗೆ ಸೇರಲು ನಿಮಗೆ ಅನುಕೂಲವಿಲ್ಲದಿರಬಹುದು. ನಿಮ್ಮ ಊರಿನ ಸಮೀಪದ ಕಾಲೇಜಿನಲ್ಲಿ ಬಿ.ಎಸ್ಸಿ.ಗೋ ಇಂಜಿನಿಯರಿಂಗಿಗೋ ಸೇರಿದರೂ ಈ ವಿದ್ಯೆಯ ಬುನಾದಿ ಅಲ್ಲೇ ದೊರೆಯುತ್ತದೆ. ಸಂಭವನೀಯತೆಯ ಪಾಠವನ್ನೂ ಯಂತ್ರವಿಜ್ಞಾನದ ಪಾಠವನ್ನೂ ಅಂಕಕ್ಕಾಗಿ ಮಾತ್ರ ಓದದೆ ಕೈಯಾರೆ ಮಾಡಿ ನೋಡಬೇಕು, ಅಷ್ಟೇ.

ಈ ಭಾನುವಾರ ನಾಲ್ವರು ಗೆಳೆಯರು ಸೇರಿ. ನಿಮ್ಮೂರಿನ ಬಸ್ ನಿಲ್ದಾಣ, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಯಾವುದಾದರೂ ಒಂದು ಸಾಲನ್ನು ಗಡಿಯಾರ ಹಿಡಿದು ಒಂದು ಗಂಟೆ ಗಮನಿಸಿ. ಎಷ್ಟು ಹೊತ್ತಿಗೆ ಒಬ್ಬರು ಬರುತ್ತಾರೆ, ಒಬ್ಬರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳಿ. ಮನೆಗೆ ಬಂದು ದಾಳ, ಬೀಜಗಳಿಂದ ಆ ಸಾಲನ್ನು ಮತ್ತೆ ಕಟ್ಟಿ. ನಿಮ್ಮ ಸಾಲು ನಿಜವಾದ ಸಾಲಿಗೆ ಹೊಂದದಿದ್ದರೆ ನಿಯಮಗಳಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕಿ, ಆ ಹಾಳೆಯನ್ನು ನಿಮ್ಮ ಗಣಿತದ ಅಧ್ಯಾಪಕರಿಗೆ ತೋರಿಸಿ.